ಜೇಬಿನಿಂದ ಹೊರಬಂದ ಕೈ

ಬಾಯಿ ಕೆಸರಾದರೆ ಕೈ ಕೊಸರು. ಗಾದೆ ಹೀಗಿಲ್ಲ ಎಂದು ನನಗೂ ಗೊತ್ತು, ತಿದ್ದಲು ಹೋಗಬೇಡಿ. ಕೆಸರಾದದ್ದು ನನ್ನ ಬಾಯಿ, ಕೊಸರಿಕೊಂಡು ಹೋದದ್ದು ಕಾಸಿಮಾಲಿ ಅಗಾಯ್ ಅವರ ಬಲಗೈ. ಅದು ಮತ್ತೆ ನನ್ನ ಕೈಗೆ ಹೇಗೆ ಬಂತು ಅನ್ನುವುದನ್ನು ಹೇಳುತ್ತೇನೆ. ಪೂರ್ತಿ ನಿಜವಾಗಿ ನಡೆದದ್ದು. ನಡುವೆ ಎಲ್ಲಾದರೂ ಸುಳ್ಳಿನಂತೆ ಕೇಳಿಸಿದರೆ, ಅಲ್ಲಿ ನಾನು ನಿಜವನ್ನು ಸ್ವಲ್ಪ ಅಣಕಿಸುತ್ತಿದ್ದೇನೆ ಎಂದು ತಿಳಿಯಿರಿ.

ಅಣಕ ನನಗೆ ಹುಟ್ಟುಗುಣ. ಹೆಸರೇ ಎರ್ಮೆಕ್, ನಮ್ಮ ಕಿರ್ಗಿಜ್ ಮಾತಿನಲ್ಲಿ ಮೋಜು ಎಂದು ಅರ್ಥ. ಅಜ್ಜಿಯ ಕೆಮ್ಮು, ಪಕ್ಕದ ಮನೆಯ ಕತ್ತೆ, ರೇಡಿಯೋದಲ್ಲಿ ಹವಾಮಾನ ಓದುವ ಹೆಂಗಸು, ಯಾರನ್ನೂ ಬಿಟ್ಟವನಲ್ಲ. ರಾಜಧಾನಿ ಬಿಷ್ಕೆಕ್‌ನಲ್ಲಿ ಐದು ವರ್ಷ ಗಣಿತ ಓದಿ, ನಾನು ಕಲಿತ ಶಾಲೆಗೇ ಮೇಷ್ಟ್ರಾಗಿ ಬಂದೆ. ಡಿಗ್ರಿ ಬಂತು, ಚಟ ಹೋಗಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಚಳಿಗಾಲದಲ್ಲಿ ನಮ್ಮ ನರೀನ್ ಊರಿನ ಕರೆಂಟು ಸರ್ಕಾರಿ ನೌಕರನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿತ್ತು. ಇಂಥ ಊರಲ್ಲಿ ಮೂವತ್ತೊಂದು ವರ್ಷದಿಂದ ಕರೆಂಟಿನ ಪಾಠ ಹೇಳುತ್ತಿದ್ದವರು ಕಾಸಿಮಾಲಿ ಅಗಾಯ್. ಅಗಾಯ್ ಎಂದರೆ ಮೇಷ್ಟ್ರು. ಮಕ್ಕಳಿಗೆ ನಾನೂ ಅಗಾಯ್, ಅವರೂ ಅಗಾಯ್; ಆದರೆ ಬರಿದೇ 'ಅಗಾಯ್ ಬಂದ್ರು' ಎಂದು ಯಾರಾದರೂ ಪಿಸುಗುಟ್ಟಿದರೆ ಅದು ಅವರೇ.

ಅವರ ಭೌತಶಾಸ್ತ್ರದ ಕೋಣೆಯಲ್ಲಿ ಪುಸ್ತಕಕ್ಕಿಂತ ಮೊದಲು ವಸ್ತು ಮಾತಾಡಬೇಕು. ಕಾಗದದ ಮೇಲೆ ಚೆಲ್ಲಿದ ಕಬ್ಬಿಣದ ಪುಡಿ, ಕೆಳಗೆ ಅಯಸ್ಕಾಂತ ತಂದೊಡನೆ ಬಾಚಿದ ಕೂದಲಿನಂತೆ ಸಾಲು ಹಿಡಿಯುತ್ತಿತ್ತು. ತಾಮ್ರದ ಕೊಳವೆಯೊಳಗೆ ಬಿಟ್ಟ ಅಯಸ್ಕಾಂತ ಧಡಕ್ಕನೆ ಬೀಳದೆ, ಅತ್ತೆಮನೆಯ ಮೆಟ್ಟಿಲು ಇಳಿಯುವ ಹೊಸ ಸೊಸೆಯಂತೆ ತಡೆದು ತಡೆದು ಇಳಿಯುತ್ತಿತ್ತು. ಎಲ್ಲಕ್ಕಿಂತ ಮೇಲಿನದು ಕಿಡಿಯಂತ್ರ. ಎರಡು ದೊಡ್ಡ ಗುಂಡು ತಟ್ಟೆಗಳು, ಒಂದು ಮರದ ಹಿಡಿ, ಎದುರುಬದುರು ಎರಡು ಹಿತ್ತಾಳೆ ಗುಂಡು. ಹಿಡಿ ತಿರುಗಿಸಿದರೆ ತಟ್ಟೆಗಳು ಒಂದಕ್ಕೊಂದು ವಿರುದ್ಧ ತಿರುಗಿ, ಗುಂಡುಗಳ ನಡುವೆ ಚಟ್ ಎಂದು ನೀಲಿ ಕಿಡಿ. ಊರಿನ ಕರೆಂಟಿನ ಹಂಗು ಅದಕ್ಕಿರಲಿಲ್ಲ.

ಆ ಕೋಣೆಗೆ ಒಂದು ಕಾನೂನು. ಮೆತ್ತನೆಯ ಚರ್ಮದ ಬೂಟಿನ ಮೇಲೆ ಅಗಾಯ್ ಎಲ್ಲ ಹಿರಿಯರಂತೆ ರಬ್ಬರ್ ಜೋಡು ಹಾಕುತ್ತಿದ್ದರು. ಅದನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದೇ ಒಂದು ಸಲ ರಬ್ಬರ್ ಜೋಡು ಸಮೇತ ಒಳಗೆ ಬಂದು ಹೇಳಿದ್ದರು: "ನೋಡಿ. ನೆಲಕ್ಕೂ ನಂಗೂ ಮಧ್ಯೆ ರಬ್ಬರ್ ಇದ್ರೆ ನಾನು ಮನುಷ್ಯ ಅಲ್ಲ, ಜಾಡಿ. ಕರೆಂಟು ತುಂಬ್ಕೊಂಡು ಸುಮ್ನೆ ನಿಂತಿರ್ತೀನಿ. ಯಾರಾದ್ರೂ ಮುಟ್ಟೋ ತನಕ." ಆಮೇಲೆ ಮುಂದಿನ ಬೆಂಚಿನವನ ಮೂಗಿನ ತುದಿ ಮುಟ್ಟಿದ್ದರು. ಅವನು ಕಿರುಚಿದ್ದ. ಅಗಾಯ್ ಕನ್ನಡಕದ ಮೇಲಿಂದ ನೋಡಿ, ತಮ್ಮ ಮಾಮೂಲಿ ಪ್ರಶ್ನೆ ಕೇಳಿದ್ದರು: "ಅರ್ಥ ಆಯ್ತೋ, ಇಲ್ಲ ಆದ ಹಾಗೆ ಮುಖ ಮಾಡಿದ್ದೀರೋ?"

ಇನ್ನು ನನ್ನ ಬಾಯಿ ಕೆಸರಾದ ಕಥೆ.

ಅಕ್ಟೋಬರಿನ ಒಂದು ಮಧ್ಯಾಹ್ನ. ಶಿಕ್ಷಕರ ಕೋಣೆಯಲ್ಲಿ ಏಳೆಂಟು ಜನ ಇದ್ದೆವು. ಶಾಲೆ ಗುಡಿಸಿ ಒಲೆಗಳಿಗೆ ಕಲ್ಲಿದ್ದಲು ಹಾಕುವ ಬುರುಲ್ಚಾ ಎಜೆ (ಎಜೆ ಎಂದರೆ ಅಕ್ಕ, ನಮ್ಮೆಲ್ಲರಿಗೂ ಅವಳು ಅಕ್ಕನೇ) ಬೂದಿಯ ಬಕೆಟ್ಟು ಕೆಳಗಿಟ್ಟು ಕೇಳಿದಳು: "ಎರ್ಮೆಕ್, ನಿನ್ನ ಕರೆಂಟ್ ಅಗಾಯ್ ಒಂದ್ಸಲ ಮಾಡೋ. ಬೆಳಿಗ್ಗೆಯಿಂದ ನಕ್ಕೇ ಇಲ್ಲ."

ಮಾಡಿದೆ. ಕತ್ತು ಮುಂದೆ, ಕನ್ನಡಕ ಮೂಗಿನ ತುದಿಗೆ, 'ಮುಖ ಮಾಡಿದ್ದೀರೋ' ಎಂಬ ಎಳೆತ. ಎಲ್ಲರೂ ನಕ್ಕರು. ನಕ್ಕರೆ ನಾನು ಸುಮ್ಮನಿರುವವನೇ? ಆ ತಿಂಗಳು ಅವರ ಬಲಗೈ ಅದುರುವುದನ್ನು ನೋಡಿದ್ದೆ. ಅಣಕಿಸುವವನ ಕಣ್ಣು ನೋಡುತ್ತದೆ, ಯೋಚಿಸುವುದಿಲ್ಲ. ಆ ಅದುರನ್ನೂ ಸೇರಿಸಿದೆ. ನಗು ಇನ್ನೊಂದು ಗಳಿಗೆ ಇತ್ತು. ಆಮೇಲೆ ಕಿಟಕಿ ಮುಚ್ಚಿದಂತೆ ನಿಂತುಹೋಯಿತು.

ತಿರುಗಿದೆ. ಬಾಗಿಲಲ್ಲಿ ಅಗಾಯ್.

ಸಿಟ್ಟು ಮಾಡಲಿಲ್ಲ. ವಿದ್ಯಾರ್ಥಿಯ ಪ್ರಯೋಗ ತಿದ್ದುವ ಧ್ವನಿಯಲ್ಲೇ ಹೇಳಿದರು: "ಚೆನ್ನಾಗಿದೆ, ಮಗೂ. ಆದ್ರೆ ಕೈ ಅಷ್ಟು ಜೋರಾಗಿ ನಡುಗಲ್ಲ. ಇನ್ನೂ ಸ್ವಲ್ಪ ನಿಧಾನ. ಮೊದಲು ಹೆಬ್ಬೆರಳು."

ಹೇಳಿ, ಬಲಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದರು.

ಬುರುಲ್ಚಾ ಎಜೆ ಬಕೆಟ್ಟು ಎತ್ತಿಕೊಳ್ಳುತ್ತ ಮೆಲ್ಲಗೆ ಅಂದಳು: "ನರದ ಕಾಯಿಲೆಯಂತೆ ಕಣೋ. ಆಗಸ್ಟ್‌ನಲ್ಲಿ ಬಿಷ್ಕೆಕ್ ಡಾಕ್ಟ್ರು ಹೇಳಿದ್ರಂತೆ, ವಾಸಿ ಆಗಲ್ಲ ಅಂತ. ಅವರ ಹೆಂಡ್ತಿ ನಿನ್ನೆ ಹೇಳಿದ್ಲು. ನಿಂಗೆ ಹೇಳೋಣ ಅಂತಿದ್ದೆ."

"ಮೊದ್ಲು ಹೇಳ್ಬಾರ್ದಿತ್ತಾ ಎಜೆ?"

"ಮೊದ್ಲು ನಗೋಣ ಅಂದ್ಕೊಂಡೆ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ನಮ್ಮಲ್ಲಿ ಗಂಡಸರು ಬೆಳಿಗ್ಗೆ ಕೈ ಹಿಡಿಯದೆ ದಿನ ಶುರುವಾಗುವುದಿಲ್ಲ. ಹತ್ತು ಜನ ನಿಂತಿದ್ದರೆ ಹತ್ತೂ ಕೈ. ಹಿರಿಯರದಾದರೆ ಎರಡೂ ಕೈಯಿಂದ ಹಿಡಿಯಬೇಕು. ಜಗಳವಾಡಿದವರೂ ಮುಖ ಆ ಕಡೆ ತಿರುಗಿಸಿ ಕೈ ಮಾತ್ರ ಈ ಕಡೆ ಚಾಚುತ್ತಾರೆ. ಆ ದಿನದಿಂದ ಅಗಾಯ್ ನನಗೆ ಕೈ ಕೊಡಲಿಲ್ಲ. ನಾನು ಎರಡು ಕೈ ಚಾಚಿ ನಿಂತರೆ ಎಡಗೈಯನ್ನು ಎದೆಯ ಮೇಲಿಟ್ಟು ತಲೆಬಾಗಿಸಿ, "ಚೆನ್ನಾಗಿದ್ದೀಯಾ, ಮಗೂ" ಎಂದು ಹೊರಟುಹೋಗುತ್ತಿದ್ದರು. ಬಲಗೈ ಜೇಬಿನಲ್ಲೇ. ಮೂರು ಸಲ ಕ್ಷಮೆ ಕೇಳಿದೆ. ಮೂರು ಸಲವೂ ಒಂದೇ ಉತ್ತರ: "ಏನೂ ಆಗಿಲ್ಲವಲ್ಲ." ನಾಲ್ಕು ಬೈಗುಳ ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಅಷ್ಟೇ ಆಗಿದ್ದರೆ ನಾನೊಬ್ಬ ಅನುಭವಿಸುತ್ತಿದ್ದೆ. ಅವರು ಕಿಡಿಯಂತ್ರವನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಅಯಸ್ಕಾಂತ, ಕೊಳವೆ, ಕಬ್ಬಿಣದ ಪುಡಿ, ಎಲ್ಲ ಒಳಗೆ. ಪಾಠವೆಲ್ಲ ಪುಸ್ತಕದಿಂದ ಓದಿಸುವುದು, ಚಿತ್ರ ಬೇಕಾದರೆ ಒಂಬತ್ತನೇ ಕ್ಲಾಸಿನ ಸೈಕಾಲ್‌ಳಿಂದ ಬರೆಸುವುದು. ಜನವರಿಯಲ್ಲಿ ಮುಖ್ಯೋಪಾಧ್ಯಾಯಿನಿಗೆ ಹೇಳಿಬಿಟ್ಟರಂತೆ: "ಮಾರ್ಚಿನ ನೊರೂಜ್ ಹಬ್ಬ ಮುಗೀಲಿ. ಆಮೇಲೆ ನಾನು ಬರಲ್ಲ."

ಆ ವಾರವೇ ಸೈಕಾಲ್ ನನ್ನ ಗಣಿತದ ಕ್ಲಾಸು ಮುಗಿದ ಮೇಲೆ ಮೇಜಿನ ಮುಂದೆ ಬಂದು ನಿಂತಳು. ಉದ್ದ ಜಡೆ, ಅದಕ್ಕಿಂತ ಉದ್ದ ನಾಲಿಗೆ.

"ಅಗಾಯ್, ಕಿಡಿ ಬಗ್ಗೆ ಓದೀ ಓದೀ ಸಾಕಾಯ್ತು. ಹಸಿದವರ ಮುಂದೆ ಕೂತು ಅಡುಗೆ ಪುಸ್ತಕ ಓದಿದ ಹಾಗಿದೆ. ಅವರು ಯಾಕೆ ಹೀಗಾದ್ರು?"

"ನನ್ನಿಂದ," ಅಂದೆ. ನಡೆದದ್ದನ್ನು ಹೇಳಿದೆ. ಹದಿನೈದರ ಹುಡುಗಿಯ ಮುಂದೆ ತಪ್ಪೊಪ್ಪಿಕೊಳ್ಳುವುದು ಕಷ್ಟ. ಅವಳು ಸಮಾಧಾನ ಮಾಡುವುದಿಲ್ಲ.

"ನಿಮಗೆ ನಾಚಿಕೆ ಆಗ್ಬೇಕು."

"ಆಗಿದೆ."

ಅವಳು ಜಡೆಯ ತುದಿ ಕಚ್ಚಿದಳು. "ನೀವು ಬೋರ್ಡ್ ಮೇಲೆ ತಪ್ಪು ಲೆಕ್ಕ ಮಾಡಿದ್ರೆ ನಮಗೆ ಕೂತಿರೋಕೆ ಆಗುತ್ತಾ? ಎದ್ದು ಬಂದು ತಿದ್ತೀವಿ. ಅವರಿಗೂ ಹಾಗೇ ಅಲ್ವಾ?"

ಗಣಿತದ ಮೇಷ್ಟ್ರು ನಾನು. ಉತ್ತರ ಕೊಟ್ಟವಳು ಅವಳು. ನಾನು ಕಿಡಿಯಂತ್ರವನ್ನು ಬೇಕೆಂದೇ ತಪ್ಪಾಗಿ ನಡೆಸಬೇಕು. ಮೂವತ್ತೊಂದು ವರ್ಷ ಅದನ್ನು ಮಗುವಿನಂತೆ ನೋಡಿಕೊಂಡವರು ಎಷ್ಟು ಹೊತ್ತು ತಡೆದಾರು? ಎದ್ದು ಬರುತ್ತಾರೆ, ಜೇಬಿನಿಂದ ಕೈ ತೆಗೆಯುತ್ತಾರೆ. ಸೈಕಾಲ್ ಇಡೀ ಕ್ಲಾಸಿಗೆ ಹೇಳಿಟ್ಟಳು: ಎರ್ಮೆಕ್ ಅಗಾಯ್ ಎಷ್ಟೇ ದಡ್ಡತನ ಮಾಡಿದರೂ ಯಾರೂ ತಿದ್ದಕೂಡದು.

ಕಾಸಿಮಾಲಿ ಅಗಾಯ್ ಹತ್ತಿರ ಹೋಗಿ ಮುಖ ಗಂಭೀರ ಮಾಡಿಕೊಂಡು ಕೇಳಿದೆ: "ನೀವು ಹೋದ ಮೇಲೆ ಯಾರಾದ್ರೂ ಆ ಯಂತ್ರ ತಿರುಗಿಸಬೇಕಲ್ಲ, ಅಗಾಯ್. ಒಂದು ಪಾಠ ನಾನು ಮಾಡ್ತೀನಿ. ಮುಖ್ಯೋಪಾಧ್ಯಾಯಿನಿಯೂ ಬಂದು ಕೂರ್ತಾರಂತೆ. ನೀವು ಹಿಂದೆ ಕೂತು ನೋಡಿ."

ಅಗಾಯ್ ಬೀರುವಿನ ಕೀಲಿಯನ್ನು ಎಡಗೈಯಲ್ಲಿ ಮೇಜಿನ ಮೇಲಿಟ್ಟರು.

ಶುಕ್ರವಾರ. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ. ಮುಖ್ಯೋಪಾಧ್ಯಾಯಿನಿ ಬಂದು ಕೂರುತ್ತಾರೆ ಎಂದು ಬುರುಲ್ಚಾ ಎಜೆಯ ಕಿವಿಗೆ ಬಿತ್ತು. ಬಂದವರನ್ನು ಬರಿಬಾಯಲ್ಲಿ ಕೂರಿಸಿದರೆ ಅವಳ ಏಳು ತಲೆಮಾರು ಗೋರಿಯಲ್ಲಿ ಮಗ್ಗುಲು ಬದಲಿಸುತ್ತದೆ. ಬೆಳಿಗ್ಗೆ ಎಂಟಕ್ಕೇ ಭೌತಶಾಸ್ತ್ರದ ಕೋಣೆಯ ಒಲೆ ಕೆಂಪಗೆ ಮಾಡಿ, ಅದರ ಮೇಲೆ ಎರಡು ದೊಡ್ಡ ಕೆಟಲ್ ಇಟ್ಟಿದ್ದಳು. ಹಿಂದಿನ ಬೆಂಚಿನ ಮೇಲೆ ರೊಟ್ಟಿ, ಬೆಣ್ಣೆ, ಜರ್ದಾಲು ಹಣ್ಣಿನ ಜಾಮ್. ನಾನು ಒಳಗೆ ಬಂದಾಗ ಕೆಟಲ್‌ಗಳು ಮದುವೆಗೆ ಬಂದ ಅತ್ತಿಗೆಯರಂತೆ ಒಂದರ ಮೇಲೊಂದು ಸದ್ದು ಮಾಡುತ್ತಿದ್ದವು. 'ಎಷ್ಟು ಬೆಚ್ಚಗೆ ಮಾಡಿದ್ದೀಯಾ ಎಜೆ' ಎಂದು ಹೊಗಳಿದೆ. ಹೊಗಳಿದ ಬಾಯಿಗೆ ಇನ್ನೊಂದಿಷ್ಟು ಕೆಸರು.

ಮಕ್ಕಳು ಕೂತರು. ಹಿಂದೆ ಮುಖ್ಯೋಪಾಧ್ಯಾಯಿನಿ, ಅವರ ಪಕ್ಕ ಅಗಾಯ್. ರಬ್ಬರ್ ಜೋಡು ಎಂದಿನಂತೆ ಹೊಸ್ತಿಲಲ್ಲಿ. ಎಡಗೈಯಲ್ಲಿ ಚಹಾದ ಬಟ್ಟಲು, ಬಲಗೈ ಜೇಬಿನಲ್ಲಿ.

ತಣ್ಣನೆಯ ಬೀರುವಿನಿಂದ ಯಂತ್ರ ತೆಗೆದು ಮೇಜಿನ ಮೇಲಿಟ್ಟೆ. ಮೊದಲ ತಪ್ಪು, ಯೋಜನೆಯಂತೆ: ಎರಡು ಹಿತ್ತಾಳೆ ಗುಂಡುಗಳನ್ನು ಒಂದಕ್ಕೊಂದು ತಾಗಿಸಿಯೇ ಹಿಡಿ ತಿರುಗಿಸಿದೆ. ನಡುವೆ ಜಾಗವೇ ಇಲ್ಲದಿದ್ದರೆ ಕಿಡಿ ಎಲ್ಲಿ ಹಾರೀತು? ತಟ್ಟೆಗಳು ಗಿರ್ರೆಂದವು, ಏನೂ ಇಲ್ಲ. ಮಕ್ಕಳು ತುಟಿ ಕಚ್ಚಿ ಕೂತರು. ನಾನು ಓರೆಗಣ್ಣಲ್ಲಿ ಹಿಂದೆ ನೋಡಿದೆ. ಅಗಾಯ್ ಚಹಾ ಕುಡಿಯುತ್ತಿದ್ದರು.

ಇನ್ನಷ್ಟು ತಿರುಗಿಸಿದೆ. ಅಗಾಯ್ ರೊಟ್ಟಿಗೆ ಜಾಮ್ ಹಚ್ಚಿಸಿಕೊಂಡರು.

ನನ್ನ ಧೈರ್ಯ ಸೋರಿತು. ಸರಿಯಾಗಿಯೇ ಮಾಡಿ ಮರ್ಯಾದೆ ಉಳಿಸಿಕೊಳ್ಳೋಣ ಎಂದು ಗುಂಡುಗಳನ್ನು ಎರಡು ಬೆರಳು ದೂರ ಮಾಡಿ ತಿರುಗಿಸಿದೆ. ಏನೂ ಇಲ್ಲ. ಒಂದು ಬೆರಳು. ಏನೂ ಇಲ್ಲ. ಕೂದಲೆಳೆಯಷ್ಟು ಅಂತರ, ಆಗಲೂ ಇಲ್ಲ. ಈಗ ನಾನು ನಟಿಸುತ್ತಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿತು. ನನ್ನ ದಡ್ಡತನ ಪಾಠದ ಭಾಗವೋ ನಿಜವೋ ತಿಳಿಯದೆ ಮಕ್ಕಳು ಸೈಕಾಲ್ ಕಡೆ ನೋಡಿದರು. ಸೈಕಾಲ್ ನನ್ನ ಕಡೆ ನೋಡಿದಳು. ನಾನು ಚಾವಣಿಯ ಕಡೆ. ಯಂತ್ರವನ್ನೇ ಕೆಡಿಸಿಬಿಟ್ಟೆನೇ? ಕೈ ಹೋಯಿತು, ಈಗ ಅವರ ಮಗುವೂ ಹೋಯಿತೇ?

ಹಿಂದೆ ಬಟ್ಟಲು ಬೆಂಚಿಗೆ ತಾಗಿದ ಸದ್ದು. ಅಗಾಯ್ ಎದ್ದು ನಿಂತಿದ್ದರು. ಕಿಟಕಿಯ ಕಡೆ ಹೋಗಿ, ಗಾಜಿನ ಮೇಲೆ ಹರಿಯುತ್ತಿದ್ದ ನೀರನ್ನು ಎಡಗೈ ಬೆರಳಿಂದ ಒರೆಸಿ, ಆ ಬೆರಳನ್ನು ಕ್ಲಾಸಿಗೆಲ್ಲ ತೋರಿಸಿದರು.

"ಇದೇನು?"

"ನೀರು, ಅಗಾಯ್."

"ಎರ್ಮೆಕ್, ನೀನು ಕರೆಂಟಿಗೆ ಪಾಠ ಮಾಡ್ತಿದ್ದೀಯೋ, ಸ್ನಾನ ಮಾಡಿಸ್ತಿದ್ದೀಯೋ?" ಕೆಟಲ್ ಕಡೆ ತಿರುಗಿದರು. "ಬುರುಲ್ಚಾ, ನಿನ್ನ ಚಹಾ ಅಮೃತ. ಆದ್ರೆ ಅದರ ಉಸಿರು ತಣ್ಣನೆ ತಟ್ಟೆ ಮೇಲೆ ಕೂತಿದೆ. ಒದ್ದೆ ತಟ್ಟೆ ಮೇಲೆ ಕರೆಂಟು ನಿಲ್ಲಲ್ಲ, ಜಾರಿ ಹೋಗುತ್ತೆ. ಮೊದ್ಲು ಅವನ್ನ ಆಚೆ ತಗೊಂಡ್ಹೋಗು."

"ಅಯ್ಯೋ, ನಾನು ಇವನಿಗೆ ಬೆಚ್ಚಗಿರ್ಲಿ ಅಂತ ಇಟ್ಟೆ," ಅಂದಳು ಬುರುಲ್ಚಾ ಎಜೆ. "ನಡುಗ್ತಾ ನಿಂತ್ಕೊಂಡ್ರೆ ಏನು ಪಾಠ ಮಾಡ್ತಾನೆ ಅಂತ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಗೊತ್ತಾಯಿತು. ಕೆಟಲ್ ಹಿಡಿದು ಹಾಗೇ ನಿಂತಳು.

ಅಗಾಯ್ ಬಲಗೈಯನ್ನು ಜೇಬಿನಿಂದ ತೆಗೆದರು.

ಅದು ನಡುಗುತ್ತಿತ್ತು. ಮೊದಲು ಹೆಬ್ಬೆರಳು, ಆಮೇಲೆ ಉಳಿದವು, ನಿಧಾನವಾಗಿ, ಅವರು ನನಗೆ ತಿದ್ದಿದ ಹಾಗೆಯೇ. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನಡುಗ್ತಾ ನಿಂತ್ಕೊಂಡು ಏನು ಪಾಠ ಮಾಡ್ತಾನೆ. ನಾನೂ ಮೂರು ತಿಂಗಳಿಂದ ಅದನ್ನೇ ಕೇಳ್ಕೊಳ್ತಿದ್ದೆ, ಬುರುಲ್ಚಾ. ಕಿಟಕಿ ತೆಗೀರಿ. ಎಲ್ಲರೂ ಕೋಟು, ಟೋಪಿ ಹಾಕ್ಕೊಳ್ಳಿ."

ಎರಡು ಕಿಟಕಿ ತೆರೆದವು. ನರೀನ್‌ನ ಚಳಿ ಬಾಗಿಲು ತಟ್ಟದೆ ಒಳಗೆ ಬರುವ ನೆಂಟ. ಬಂದು ಹಬೆಯನ್ನು ಕತ್ತು ಹಿಡಿದು ಆಚೆಗೆ ನೂಕಿತು. ಮುಖ್ಯೋಪಾಧ್ಯಾಯಿನಿ ನರಿಚರ್ಮದ ಟೋಪಿಯೊಳಗೆ ಮಾಯವಾದರು. ಕೋಣೆ ಒಣಗಿದ ಮೇಲೆ ಕಿಟಕಿ ಮುಚ್ಚಿಸಿ, ಅಗಾಯ್ ಯಂತ್ರವನ್ನು ಒಲೆಯ ಹತ್ತಿರ ಸರಿಸಿ, ತಮ್ಮ ಉಣ್ಣೆಯ ಮಫ್ಲರಿನಿಂದ ತಟ್ಟೆಗಳನ್ನು ಒರೆಸಿದರು. ಮಗುವಿನ ಕಿವಿಯ ಹಿಂದೆ ಒರೆಸುವ ಹಾಗೆ ಅಂಚುಗಳನ್ನೆಲ್ಲ ಒರೆಸಿದರು. ಆಮೇಲೆ ಬಲಗೈಯಿಂದ ಮರದ ಹಿಡಿ ಹಿಡಿದರು.

ಕೈ ನಡುಗುವುದು ನಿಂತಿತು.

ಸೈಕಾಲ್‌ಗೆ ತಡೆಯಲಾಗಲಿಲ್ಲ. "ಅಗಾಯ್, ನಿಂತೋಯ್ತು."

"ಹೂಂ. ಇದೂ ನಿಮ್ಮ ಹಾಗೇ. ಖಾಲಿ ಕೂರಿಸಿದ್ರೆ ಕುಣಿಯುತ್ತೆ, ಕೆಲಸ ಕೊಟ್ರೆ ಸುಮ್ಮನಿರುತ್ತೆ. ಕೆಲಸಕ್ಕೆ ನಾನು ಹೆದರಿರಲಿಲ್ಲ. ಅದಕ್ಕೆ ಮುಂಚೆ ನೀವೆಲ್ಲ ಕೈಯನ್ನೇ ನೋಡ್ತೀರಲ್ಲ, ಆ ಒಂದು ನಿಮಿಷಕ್ಕೆ ಹೆದರಿದ್ದೆ." ಕನ್ನಡಕದ ಮೇಲಿಂದ ನೋಡಿದರು. "ಈಗ ನೋಡಾಯ್ತಲ್ಲ. ಗುಂಡು ನೋಡಿ."

ಹಿಡಿ ತಿರುಗಿತು. ಚಟ್. ನೀಲಿ ಕಿಡಿ, ಬೆರಳುದ್ದ. ಕ್ಲಾಸು ಒಂದೇ ಉಸಿರು ಎಳೆದುಕೊಂಡಿತು. ಚಟ್, ಚಟ್. ಮೂರು ತಿಂಗಳ ಹಸಿವಿಗೆ ಕೊನೆಗೂ ಊಟ.

ಆಮೇಲೆ ಕೈಸರಪಳಿ. ಲೇಡನ್ ಜಾಡಿ ಎಂಬ, ಕರೆಂಟು ಕೂಡಿಡುವ ಪುಟ್ಟ ಗಾಜಿನ ಜಾಡಿಯನ್ನು ತುಂಬಿ, ಅದರ ಹೊರಮೈಯನ್ನು ಸೈಕಾಲ್ ಕೈಗೆ ಕೊಟ್ಟರು. ಎದೆ ದುರ್ಬಲ ಇರುವವರು ಕೂತಿರಿ ಅಂದರು, ಯಾರೂ ಕೂರಲಿಲ್ಲ. ಸೈಕಾಲ್ ಕೈ ಹಿಡಿದು ಇನ್ನೊಬ್ಬಳು, ಅವಳ ಕೈ ಹಿಡಿದು ಮತ್ತೊಬ್ಬ. ಹೀಗೆ ಇಪ್ಪತ್ತೆರಡು ಮಕ್ಕಳು, ನಾನು, ಮುಖ್ಯೋಪಾಧ್ಯಾಯಿನಿ, ಬುರುಲ್ಚಾ ಎಜೆ, ಅವಳ ಕೈ ಹಿಡಿದು ಅಗಾಯ್. ಸುತ್ತು ಬಂದು ಅಗಾಯ್ ಬಲಗೈಯ ತೋರುಬೆರಳು ಜಾಡಿಯ ತುದಿಗುಂಡಿನ ಹತ್ತಿರ ಬಂತು. ಹಿಡಿದುಕೊಳ್ಳಲು ಏನೂ ಇಲ್ಲದೆ ಬೆರಳು ಗಾಳಿಯಲ್ಲಿ ನಡುಗುತ್ತಿತ್ತು. ಅವರು ಅವಸರ ಮಾಡಲಿಲ್ಲ.

ಚಟಾರ್.

ಇಪ್ಪತ್ತಾರು ಜನ ಒಟ್ಟಿಗೆ ಅದುರಿದೆವು. ಟೋಪಿಯೊಂದು ನೆಲಕ್ಕೆ ಬಿತ್ತು.

"ಈಗ ಹೇಳಿ," ಅಂದರು ಅಗಾಯ್. "ಯಾರ ಕೈ ನಡುಗಿತು?"

"ಕೈ ಒಂದೇ ಅಲ್ಲ," ಅಂದಳು ಬುರುಲ್ಚಾ ಎಜೆ, ದವಡೆ ಹಿಡಿದುಕೊಂಡು. "ನನ್ನ ಚಿನ್ನದ ಹಲ್ಲೂ ನಡುಗಿತು."

ಮುಖ್ಯೋಪಾಧ್ಯಾಯಿನಿ ಟೋಪಿಯೊಳಗಿಂದಲೇ ಕೇಳಿದರು: "ಹಾಗಾದ್ರೆ ನೊರೂಜ್ ಆದ್ಮೇಲೆ?"

"ಆದ್ಮೇಲೆ ಅಯಸ್ಕಾಂತದ ಪಾಠ," ಅಂದರು ಅಗಾಯ್. "ಇವನ ಕೈಗೆ ಬಿಟ್ರೆ ಅದಕ್ಕೂ ಚಹಾ ಕುಡಿಸ್ತಾನೆ."

ಗಂಟೆ ಹೊಡೆಯಿತು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಅಗಾಯ್ ಜಾಡಿಯನ್ನು ತೆಗೆದು ಬೀರುವಿನಲ್ಲಿಟ್ಟರು, ಹುಷಾರಿನ ಮನುಷ್ಯ. ಯಂತ್ರದ ಒಂದು ಗುಂಡಿಗೆ ತಂತಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕಬ್ಬಿಣದ ಒಲೆಯ ಮೇಲೆ ಎಸೆದರು. ಅಚ್ಚುಕಟ್ಟು ಮಾಡುತ್ತಿದ್ದಾರೆ ಅಂದುಕೊಂಡೆ. ಹೊಸ್ತಿಲಿಗೆ ಹೋಗಿ ರಬ್ಬರ್ ಜೋಡು ಹಾಕಿಕೊಂಡರು, ಹೊರಟರು ಅಂದುಕೊಂಡೆ. ಆದರೆ ಜೋಡು ಸಮೇತ ಒಳಗೆ ಬಂದು, ಎಡಗೈಯನ್ನು ಇನ್ನೊಂದು ಹಿತ್ತಾಳೆ ಗುಂಡಿನ ಮೇಲೆ ಆರಾಮಾಗಿ ಇಟ್ಟು, ಬಲಗೈಯಲ್ಲಿ ಸುಮ್ಮನೆ ಹಿಡಿ ತಿರುಗಿಸುತ್ತ ಮಾತಿಗೆ ನಿಂತರು.

"ಗುಂಡು ತಾಗಿಸಿ ತಿರುಗಿಸಿದ್ದು ಬೇಕಂತ್ಲೇ. ಅಲ್ವಾ?"

ನಾನು ಸೈಕಾಲ್ ಕಡೆ ನೋಡಿದೆ. ಅವಳು ಜಡೆಯ ಕಡೆ ನೋಡಿಕೊಂಡಳು.

"ಅವಳನ್ನ ಯಾಕೆ ನೋಡ್ತೀಯಾ? ಮೂರು ದಿನದಿಂದ ಇಡೀ ಕ್ಲಾಸು ನನ್ನ ಕಂಡ್ರೆ ತುಟಿ ಕಚ್ಕೊಳ್ತಿದೆ. ಏಳೋದೇ ಬೇಡ, ನಿನ್ನನ್ನ ಬೇಯೋಕೆ ಬಿಡೋಣ ಅಂತ ಕೂತಿದ್ದೆ. ಆಮೇಲೆ ನೋಡಿದ್ರೆ ಕೆಟಲ್ ಮಾಡಿದ ತಪ್ಪು ನಿಜದ್ದು. ಆಗ ಎದ್ದೆ." ಹಿಡಿ ತಿರುಗುತ್ತಲೇ ಇತ್ತು. "ಎಂಟನೇ ಕ್ಲಾಸಲ್ಲಿ ನೀನು ನನ್ನನ್ನ ಮೊದಲ ಸಲ ಅಣಕಿಸಿದ್ದೂ ಗೊತ್ತು. ಬಾಗಿಲ ಹಿಂದೆ ನಿಂತು ಕೇಳಿ ನಕ್ಕಿದ್ದೆ. ಈ ಸಲ ನಗೋಕೆ ಆಗ್ಲಿಲ್ಲ, ಅಷ್ಟೇ."

"ತಪ್ಪಾಯ್ತು, ಅಗಾಯ್."

"ಆಯ್ತು," ಅಂದರು. ಏನೂ ಆಗಿಲ್ಲ ಎನ್ನಲಿಲ್ಲ, ಆಯ್ತು ಅಂದರು. ಹಿಡಿ ಬಿಟ್ಟರು. ಬಲಗೈಯನ್ನು ನನ್ನ ಕಡೆ ಚಾಚಿದರು.

ಮೂರು ತಿಂಗಳು ನನಗೆ ಸಿಗದ ಕೈ. ವರ್ಷಗಟ್ಟಲೆ ಸೀಮೆಸುಣ್ಣ ಕೂತ ಉಗುರು, ಮೆಲ್ಲಗೆ ನಡುಗುವ ಹೆಬ್ಬೆರಳು. ರಬ್ಬರ್ ಜೋಡು, ಗುಂಡಿನ ಮೇಲಿದ್ದ ಎಡಗೈ, ಒಲೆಯ ಮೇಲಿನ ತಂತಿ, ಎಂಟನೇ ಕ್ಲಾಸಿನ ಪಾಠ, ಎಲ್ಲ ನನ್ನ ಕಣ್ಣೆದುರಿಗೇ ಇತ್ತು. ಒಂದೂ ಕಾಣಲಿಲ್ಲ. ಕಂಡದ್ದು ಆ ಕೈಯೊಂದೇ. ಬಗ್ಗಿ, ಹಿರಿಯರಿಗೆ ಹೇಗೋ ಹಾಗೆ, ಎರಡೂ ಕೈ ಮುಂದೆ ಮಾಡಿದೆ.

ಚಟ್ ಎಂದ ಸದ್ದು ಮೊದಲು ಬಂತೋ ನನ್ನ ಕೂಗು ಮೊದಲು ಬಂತೋ, ಕ್ಲಾಸಿನಲ್ಲಿ ಇನ್ನೂ ವಾದ ಇದೆ. ಮೊಣಕೈ ತನಕ ಇರುವೆ ಓಡಿದಂತಾಗಿ, ಕಪ್ಪೆಯ ಹಾಗೆ ಹಿಂದಕ್ಕೆ ಹಾರಿದೆ. ಆದರೂ ಅಗಾಯ್ ಕೈ ಬಿಟ್ಟಿರಲಿಲ್ಲ; ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು. ಹಿಡಿದಿದ್ದರಿಂದಲೋ ಏನೋ, ಅದು ನಡುಗುತ್ತಿರಲಿಲ್ಲ. ನಡುಗುತ್ತಿದ್ದದ್ದು ನನ್ನದು.

ಕನ್ನಡಕದ ಮೇಲಿಂದ ನೋಡಿದರು. "ಅರ್ಥ ಆಯ್ತೋ, ಇಲ್ಲ ಆದ ಹಾಗೆ ಮುಖ ಮಾಡಿದ್ದೀಯೋ?"

ಇಪ್ಪತ್ತೆರಡು ಮಕ್ಕಳೂ ಬೆಂಚು ಬಡಿದು ನಕ್ಕರು. ಬುರುಲ್ಚಾ ಎಜೆ ಚಿನ್ನದ ಹಲ್ಲೆಲ್ಲ ಕಾಣುವಂತೆ ನಕ್ಕಳು, ಮುಖ್ಯೋಪಾಧ್ಯಾಯಿನಿ ಟೋಪಿ ತೆಗೆದು ನಕ್ಕರು. ಆದರೆ ಅಂಗಳದಲ್ಲಿ ಕಟ್ಟಿದ್ದ ಯಾರದೋ ಕುದುರೆ ಬೆಚ್ಚಿ ತಲೆ ಎತ್ತಿದ್ದು ನನ್ನ ನಗುವಿಗೆ. ಅಗಾಯ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅದು ಯಾರ ಅಣಕವೂ ಅಲ್ಲದ, ನನ್ನದೇ ನಗು.